ಎಡಗಡೆಯ ಸಾಲುಗಳು

ನನ್ನ ಕಾಯಿಲೆಯನ್ನು ಮೊದಲು ಹಿಡಿದವನು ನನ್ನ ಅಣ್ಣ ದಿನೇಶ. ಅವನು ಡಾಕ್ಟರಲ್ಲ. ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಒಂದು ಕಾರ್ಖಾನೆಯ ಕ್ವಾಲಿಟಿ ಎಂಜಿನಿಯರ್. ನಾನು ಇರುವುದು ಸಿಡ್ನಿಯ ರೌಸ್ ಹಿಲ್‌ನಲ್ಲಿ. ವರ್ಷಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು. ಆದರೆ ದಿನವೂ ಚೆಸ್ ಆಡುತ್ತಿದ್ದೆವು, ಆ್ಯಪ್‌ನಲ್ಲಿ. ಬೆಳಿಗ್ಗೆ ಅವನು ರೈಲಿನಲ್ಲಿ ಕೂತು ಒಂದು ನಡೆ ಆಡುತ್ತಿದ್ದ. ನಾನು ಕೌನ್ಸಿಲ್ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಊಟದ ಬಿಡುವಿನಲ್ಲಿ ಟ್ಯಾಬ್ಲೆಟ್ ತೆರೆದು ಉತ್ತರ ಕೊಡುತ್ತಿದ್ದೆ. ಉಡುಪಿಯಲ್ಲಿ ಶಾಲೆಗೆ ಹೋಗುವಾಗ ಇಬ್ಬರೂ ಜಿಲ್ಲಾ ಮಟ್ಟದಲ್ಲಿ ಆಡಿದವರು. ಈಗ 'ಊಟ ಆಯ್ತಾ' ಎಂದು ಕೇಳುವ ಬದಲು ಒಂದು ಕುದುರೆ ನಡೆಸಿದರೆ ಸಾಕಾಗುತ್ತಿತ್ತು.

ಆ ವರ್ಷ ನಾನು ಸೋಲತೊಡಗಿದೆ. ಮೊದಲೂ ಸೋಲುತ್ತಿದ್ದೆ, ಅವನು ನನಗಿಂತ ಒಂದು ಕೈ ಮೇಲು. ಆದರೆ ಈ ಸೋಲಿನ ರೀತಿ ಬೇರೆ. ಎದುರಿಗೇ ಇದ್ದ ಆನೆಯನ್ನು ಬಿಟ್ಟುಕೊಡುತ್ತಿದ್ದೆ. ಅವನ ಒಂಟೆ ನೇರ ನನ್ನ ಮಂತ್ರಿಯನ್ನು ನೋಡುತ್ತಿದ್ದರೂ ನಾನು ಯಾವುದೋ ಕಾಲಾಳನ್ನು ಮುಂದೆ ತಳ್ಳುತ್ತಿದ್ದೆ. ಆಟ ಮುಗಿದ ಮೇಲೆ ಒಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಇಡೀ ಆಟವನ್ನು ತಿರುವಿಹಾಕಿ, ತಪ್ಪು ನಡೆಗಳಿಗೆ ಕೆಂಪು ಗುರುತು ಹಾಕಿ ತೋರಿಸುತ್ತದೆ. ನನ್ನ ಆಟಗಳಲ್ಲಿ ಕೆಂಪೇ ಕೆಂಪು. ವಯಸ್ಸಾಯಿತು, ಕೆಲಸ ಜಾಸ್ತಿ, ನಿದ್ದೆ ಸಾಲುತ್ತಿಲ್ಲ ಎಂದುಕೊಂಡು ಟ್ಯಾಬ್ಲೆಟ್ ಮುಚ್ಚುತ್ತಿದ್ದೆ.

ಅದೇ ಸುಮಾರಿಗೆ ಕಾರಿನ ಎಡಗನ್ನಡಿ ಪಕ್ಕದ ಮನೆಯವರ ಕಸದ ಡಬ್ಬಿಗೆ ತಾಗಿ ಮುರಿಯಿತು. ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ಬಡಿದು ನೀಲಿಗಟ್ಟುತ್ತಿತ್ತು. ತಟ್ಟೆಯಲ್ಲಿ ಪಲ್ಯ ಹಾಗೇ ಉಳಿದದ್ದನ್ನು ಕಂಡು ಮಂಜು, ನನ್ನ ಗಂಡ, "ನನ್ನ ಅಡುಗೆ ಅಷ್ಟು ಕೆಟ್ಟದಾಗಿದ್ಯಾ?" ಎಂದು ನಗುತ್ತಿದ್ದರು. ಪಲ್ಯ ಇರುವುದೇ ನನಗೆ ಕಂಡಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಇಲ್ಲದ್ದು ಇಲ್ಲ ಎಂದು ತಿಳಿಯುವುದಾದರೂ ಹೇಗೆ? ಕತ್ತಲಾದರೆ ದೀಪ ಹಾಕುತ್ತೇವೆ. ನನಗೆ ಕತ್ತಲೂ ಆಗಿರಲಿಲ್ಲ. ನನ್ನ ಪಾಲಿಗೆ ಲೋಕ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಣ್ಣನ ಫೋನು ಬಂತು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ವಿನಯಾ, ನಿಂಗೆ ಕಣ್ಣು ಸರಿ ಉಂಟಾ?"

"ಎಂತ ಆಯ್ತು?"

"ನಮ್ಮ ಹಳೇ ಆಟ ಎಲ್ಲ ಕಂಪ್ಯೂಟರಿಗೆ ಹಾಕಿ ನೋಡ್ದೆ. ನೀನು ಬಿಳಿ ಆಡುವಾಗ ತಪ್ಪು ಮಾಡುದೆಲ್ಲ ಮಂತ್ರಿಯ ಮಗ್ಗುಲಲ್ಲಿ. ಕಪ್ಪು ಆಡುವಾಗ ರಾಜನ ಮಗ್ಗುಲಲ್ಲಿ."

"ಹಾಗಾದ್ರೆ ಎರಡೂ ಕಡೆ ತಪ್ಪು ಮಾಡ್ತೇನೆ. ಅದ್ರಲ್ಲಿ ಎಂತ ವಿಶೇಷ?"

"ಅಲ್ಲ ಮಾರಾಯ್ತಿ. ಕಪ್ಪು ಆಡುವಾಗ ಸ್ಕ್ರೀನಲ್ಲಿ ಹಲಗೆ ತಿರುಗ್ತದಲ್ಲ? ಎರಡೂ ಸಲ ಅದು ನಿನ್ನ ಎಡಗಡೆ. ಬಲಗಡೆ ನೀನು ಮೊದಲಿನ ಹಾಗೇ ಆಡ್ತಾ ಇದ್ದಿ. ಎಡಗಡೆಯ ಮೂರು ಸಾಲು ನಿಂಗೆ ಕಾಣುದೇ ಇಲ್ಲ ಅಂತ ಕಾಣ್ತದೆ ನಂಗೆ."

ನಾನು ನಕ್ಕೆ. ಅವನು ನಗಲಿಲ್ಲ. "ಫೋನು ಭಾವನಿಗೆ ಕೊಡು" ಎಂದ.

ಮರುದಿನವೇ ಮಂಜು ಫ್ಯಾಮಿಲಿ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಬುಕ್ ಮಾಡಿ ಕರೆದುಕೊಂಡು ಹೋದರು. ನಮ್ಮ ಡಾಕ್ಟರಮ್ಮ ಶ್ರೀಲಂಕಾದವರು, ಮಾತು ಕಡಿಮೆ. ನನ್ನೆದುರು ಕುಳಿತು, ತಮ್ಮ ಮೂಗನ್ನೇ ನೋಡಲು ಹೇಳಿ, ಎರಡೂ ಕೈ ಅಗಲಿಸಿ ಬೆರಳಾಡಿಸಿದರು. ಯಾವ ಬೆರಳು ಆಡುತ್ತಿದೆ ಎಂದು ನಾನು ಹೇಳಬೇಕು. ನನ್ನ ಬಲಗಡೆಯದು ಹೇಳಿದೆ. ಮತ್ತೆ ಬಲಗಡೆಯದು ಹೇಳಿದೆ. ಪರೀಕ್ಷೆ ಸುಲಭವಾಗಿದೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬಲಪಕ್ಕದ ಕುರ್ಚಿಯಲ್ಲಿದ್ದ ಮಂಜು ಬಾಯಿಗೆ ಕೈ ಅಡ್ಡ ಇಟ್ಟುಕೊಂಡದ್ದು ಕಾಣಿಸಿತು. ಡಾಕ್ಟರಮ್ಮನ ಇನ್ನೊಂದು ಕೈ ಅಷ್ಟು ಹೊತ್ತೂ ಆಡುತ್ತಲೇ ಇತ್ತಂತೆ.

"ಇವತ್ತೇ ಎಮರ್ಜೆನ್ಸಿಗೆ ಹೋಗಿ" ಎಂದರು ಅವರು. "ಮನೆಗೆ ಹೋಗಿ ಬಟ್ಟೆ ತಗೊಂಡು ಹೋಗೋಣ ಅಂತೆಲ್ಲ ಬೇಡ. ಇಲ್ಲಿಂದಲೇ."

*

ಆಸ್ಪತ್ರೆಯ ಕಾಯುವ ಕೋಣೆಗಳ ಬಗ್ಗೆ ನನಗೆ ಬೇಡದಷ್ಟು ಗೊತ್ತು. ಅಲ್ಲಿನ ಟಿವಿಗೆ ಧ್ವನಿ ಇರುವುದಿಲ್ಲ. ಅಡುಗೆ ಕಾರ್ಯಕ್ರಮವೊಂದರಲ್ಲಿ ಯಾರೋ ನಗುತ್ತಾ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಹೆಸರು ಕರೆಯುವ ನರ್ಸ್ ಬಾಗಿಲಲ್ಲಿ ಕಾಣಿಸಿದೊಡನೆ ಎಲ್ಲರೂ ತಲೆ ಎತ್ತುತ್ತಾರೆ. ತಮ್ಮ ಹೆಸರಲ್ಲ ಎಂದು ತಿಳಿದಾಗ ಮುಖದಲ್ಲಿ ನಿರಾಸೆ ಮತ್ತು ನೆಮ್ಮದಿ ಒಟ್ಟಿಗೇ ಹಾದುಹೋಗುತ್ತವೆ.

ಸ್ಕ್ಯಾನ್ ಮುಗಿದು ನನ್ನ ಹೆಸರು ಕರೆದಾಗ ತೀರಾ ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ಬಂದು, ಪರದೆ ಎಳೆದು, ಸ್ಟೂಲಿನ ಮೇಲೆ ಕುಳಿತ. ನಿಂತುಕೊಂಡೇ ಮಾತಾಡುವವರು ಒಳ್ಳೆಯ ಸುದ್ದಿ ತರುತ್ತಾರೆ, ಕೂರುವವರು ಕೆಟ್ಟದ್ದು. ಇದನ್ನು ಆಮೇಲೆ ಕಲಿತೆ. ಮಿದುಳಿನ ಬಲಭಾಗದಲ್ಲಿ, ಹಿಂದುಗಡೆ, ಒಂದು ಗಡ್ಡೆ ಇದೆ ಎಂದ. ಬೆಳೆದು ಬಹಳ ಕಾಲವಾಗಿರಬಹುದು. ಎಡಗಡೆಯ ನೋಟವನ್ನೂ ಎಡಗಡೆಯ ಕಡೆಗಿನ ಗಮನವನ್ನೂ ಅದು ತಿನ್ನುತ್ತಿದೆ. ಆಪರೇಷನ್ ಬೇಕು. ಯಾವ ಜಾತಿಯ ಗಡ್ಡೆ ಎಂಬುದು ಅದನ್ನು ತೆಗೆದ ಮೇಲೆಯೇ ತಿಳಿಯುವುದು.

ಮಂಜು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ನನಗೆ ಕೇಳಲು ಹೊಳೆದದ್ದು ಒಂದೇ: "ಮಗಳು ಸ್ಕೂಲಿನಿಂದ ಬರುವ ಹೊತ್ತಾಯ್ತು. ಫೋನ್ ಮಾಡಲಾ?"

ಮಗಳು ಮೇಘನಾ ಆಗ ಹೈಸ್ಕೂಲು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಸುದ್ದಿ ಹೇಳಿದಾಗ ಅವಳು ಅಳಲಿಲ್ಲ. "ಓಕೆ" ಎಂದಳು. ಮತ್ತೆ, "ಸೋ ಯು ವರಂಟ್ ಆ್ಯಂಗ್ರಿ ವಿತ್ ಮಿ?" ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಮಂಜು ಬಿಡಿಸಿ ಹೇಳಿದರು. ತಿಂಗಳುಗಳಿಂದ ಅವಳು ನನ್ನ ಎಡಗಡೆ ಬಂದು ನಿಂತಾಗಲೆಲ್ಲ ನಾನು ತಿರುಗಿ ನೋಡುತ್ತಿರಲಿಲ್ಲ. ನೀರಿನ ಲೋಟ ಹಿಡಿದುಕೊಂಡು ನಿಂತು, ಸುಮ್ಮನೆ ವಾಪಸು ಹೋಗಿದ್ದಳಂತೆ. ಅಮ್ಮನಿಗೆ ತನ್ನ ಮೇಲೆ ಕೋಪ ಎಂದು ಅಪ್ಪನ ಹತ್ತಿರ ಹೇಳಿಕೊಂಡಿದ್ದಳಂತೆ. ಗಡ್ಡೆಯ ಸುದ್ದಿಗೆ ಬಾರದ ಅಳು ನನಗೆ ಆಗ ಬಂತು.

*

ಆಪರೇಷನ್ನಿನ ಬಗ್ಗೆ ಹೇಳಲು ನನಗೆ ಹೆಚ್ಚು ತಿಳಿಯದು, ನಾನಲ್ಲಿ ಇರಲಿಲ್ಲ. ಎದ್ದಾಗ ತಲೆ ಕಲ್ಲಾಗಿತ್ತು, ಬಾಯಿ ಒಣಗಿತ್ತು, ಯಾರೋ ನನ್ನ ಹೆಸರನ್ನು 'ವೈನಾಯ' ಎಂದು ಕರೆಯುತ್ತಿದ್ದರು. ಬಹುಪಾಲು ತೆಗೆದಿದ್ದೇವೆ ಎಂದರು ಸರ್ಜನ್. ಬಹುಪಾಲು. ಉಳಿದದ್ದನ್ನು ಮುಟ್ಟಿದ್ದರೆ ಕೈಕಾಲಿಗೆ ತೊಂದರೆಯಾಗುತ್ತಿತ್ತಂತೆ.

ಆಮೇಲೆ ಗಡ್ಡೆಯ ಜಾತಿ ತಿಳಿಯುವವರೆಗಿನ ದಿನಗಳು. ಬದುಕಿನಲ್ಲಿ ಅದಕ್ಕಿಂತ ಕೆಟ್ಟ ದಿನಗಳನ್ನು ನಾನು ಕಂಡಿಲ್ಲ. ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಗೆ ಸಾಮಾನು ತರಲು ಹೋದ ಮಂಜುಗೆ ಅಲ್ಲಿ ಸಿಕ್ಕ ಆಂಟಿಯೊಬ್ಬರು ಅರಿಶಿನದ ಕಷಾಯ, ಯಾವುದೋ ಎಲೆಯ ಪುಡಿ, ಒಂದು ಸ್ತೋತ್ರ ಎಲ್ಲ ಹೇಳಿಕೊಟ್ಟು ಕಳಿಸಿದ್ದರು. ಕೊನೆಗೆ, "ಅವ್ರು ಎದುರಿಗೆ ಸಿಕ್ರೂ ಮಾತಾಡಿಸ್ತಿರ್ಲಿಲ್ಲ, ಜಂಬ ಅಂದ್ಕೊಂಡಿದ್ವಿ. ಪಾಪ, ನಮ್ಮನ್ನು ಕ್ಷಮಿಸಿಬಿಡಿ ಅಂತ ಹೇಳಿ" ಎಂದು ಅತ್ತರಂತೆ. ಕಷಾಯ ಕುಡಿಯಲಿಲ್ಲ. ಆ ಮಾತು ಮಾತ್ರ ಒಳಗೆ ಇಳಿಯಿತು.

ಆ ದಿನಗಳಲ್ಲೇ ನನಗೆ ಪಝಲ್‌ಗಳ ಹುಚ್ಚು ಹಿಡಿದದ್ದು. ಆ್ಯಪ್‌ನಲ್ಲಿ ಚೆಸ್ ಒಗಟುಗಳಿಗೆ ಕೊನೆಯೇ ಇಲ್ಲ. ಒಂದು ಹಲಗೆ ಬರುತ್ತದೆ, ಗೆಲ್ಲುವ ನಡೆ ಹುಡುಕಬೇಕು. ಸರಿಯಾದರೆ ಹಸಿರು, ಅಂಕ ಏರುತ್ತದೆ. ತಪ್ಪಾದರೆ ಕೆಂಪು, ಇಳಿಯುತ್ತದೆ. ಮಿದುಳು ಇನ್ನೂ ನನ್ನದೇ ಎನ್ನುವುದಕ್ಕೆ ಸಾಕ್ಷಿ ಬೇಕಾಗಿತ್ತು ನನಗೆ. ಹಾಸಿಗೆಯಲ್ಲಿ, ಸೋಫಾದಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಎಲ್ಲೆಂದರಲ್ಲಿ ಒಗಟು ಬಿಡಿಸಿದೆ. ಅಂಕ ಇಳಿಯಿತು. ಇನ್ನೂ ಇಳಿಯಿತು. ಒಂದೊಂದು ಕೆಂಪು ಗುರುತು ಬಂದಾಗಲೂ ಗಡ್ಡೆ ತಲೆಯೊಳಗೆ ಒಂದು ಹೆಜ್ಜೆ ಮುಂದಿಟ್ಟಂತೆ ಅನಿಸುತ್ತಿತ್ತು. ಎಡಗಡೆ ಕಾಣದವಳು ಎಡಗಡೆಯ ಕಾಯಿ ಬೇಕಾದ ಒಗಟನ್ನು ಬಿಡಿಸುವುದಾದರೂ ಹೇಗೆ? ಆ ಬುದ್ಧಿ ಆಗ ನನಗೆ ಇರಲಿಲ್ಲ.

"ಸಾಕು ವಿನಯಾ, ಟ್ಯಾಬ್ ಇಲ್ಲಿ ಕೊಡು," ಎಂದರು ಮಂಜು ಒಂದು ಸಂಜೆ. "ನೀನು ಸುಮ್ನೆ ನಿನ್ನನ್ನೇ ಹಿಂಸೆ ಮಾಡ್ಕೋತಿದ್ದೀಯ."

"ಇನ್ನೊಂದು. ಇದೊಂದು ಸರಿ ಬಂದ್ರೆ ಕೊಡ್ತೀನಿ."

"ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ದೀಯ. ಊಟ ಮಾಡಿಲ್ಲ, ಸ್ನಾನ ಮಾಡಿಲ್ಲ. ನಾನೂ ಇದ್ದೀನಿ ಈ ಮನೇಲಿ, ಮೇಘನಾ ಇದ್ದಾಳೆ. ನಮ್ಮ ಕಡೆ ಒಂದ್ಸಲ ನೋಡು."

"ನೋಡಕ್ಕೆ ಆಗಲ್ಲ ನಂಗೆ! ಅದೇ ತಾನೇ ಕಾಯಿಲೆ!" ಎಂದು ಕಿರುಚಿದೆ.

ಅವರು ಎದ್ದು ಹಿತ್ತಿಲಿಗೆ ಹೋದರು. ಬಟ್ಟೆ ಒಣಹಾಕುವ ಕಂಬವನ್ನು ಹಿಡಿದು ನಿಂತಿದ್ದ ಅವರ ಬೆನ್ನು ಕಿಟಕಿಯಿಂದ ಕಾಣುತ್ತಿತ್ತು. ನನ್ನೆದುರು ಎಂದೂ ಅಳದ ಮನುಷ್ಯ. ಆ ಬೆನ್ನು ಅಲುಗುವುದನ್ನು ನೋಡಿಯೂ ನಾನು ಮುಂದಿನ ಒಗಟು ತೆರೆದೆ.

ಫಲಿತಾಂಶ ಬಂತು. ತೀರಾ ಕೆಟ್ಟ ಜಾತಿಯದಲ್ಲ, ಒಳ್ಳೆಯದೂ ಅಲ್ಲ. ಸದ್ಯಕ್ಕೆ ನಿಧಾನ, ಆದರೆ ಒಂದು ದಿನ ಮತ್ತೆ ಬೆಳೆಯುವ ಸಾಧ್ಯತೆಯೇ ಹೆಚ್ಚು. ರೇಡಿಯೇಷನ್ ಕೊಡೋಣ, ಆಮೇಲೆ ಆಗಾಗ ಸ್ಕ್ಯಾನ್ ಮಾಡುತ್ತಾ ಇರೋಣ ಎಂದರು. ಚೆಸ್ ಎಂಜಿನ್ ಹಲಗೆಯ ಪಕ್ಕದಲ್ಲಿ ಒಂದು ಕಪ್ಪು ಬಿಳಿ ಪಟ್ಟಿ ತೋರಿಸುತ್ತದೆ. ಯಾರು ಗೆಲ್ಲುತ್ತಿದ್ದಾರೆ, ಎಷ್ಟು ಗೆಲ್ಲುತ್ತಿದ್ದಾರೆ ಎಂದು ಪ್ರತಿ ಕ್ಷಣ ಅದು ಏರಿಳಿಯುತ್ತಿರುತ್ತದೆ. ನನಗೂ ಅಂಥದ್ದೊಂದು ಬೇಕಾಗಿತ್ತು.

"ಎಷ್ಟು ವರ್ಷ?" ಎಂದು ಸರ್ಜನ್ನನ್ನು ಕೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಂಖ್ಯೆ ಹೇಳಿದರೆ ನೀವು ಆ ಸಂಖ್ಯೆಯೊಳಗೇ ಬದುಕುತ್ತೀರಿ. ನನಗೆ ನಿಜಕ್ಕೂ ಗೊತ್ತಿಲ್ಲ" ಎಂದರು. ಆ ಹೊತ್ತಿಗೆ ಅವರನ್ನು ದ್ವೇಷಿಸಿದೆ.

*

ರೇಡಿಯೇಷನ್ನಿಗೆ ಮುಖದ ಅಚ್ಚು ತೆಗೆದು ಒಂದು ಬಲೆಯಂಥ ಮುಖವಾಡ ಮಾಡುತ್ತಾರೆ. ಅದನ್ನು ತೊಡಿಸಿ ಮೇಜಿಗೆ ಸಿಕ್ಕಿಸಿದರೆ ತಲೆ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಳ್ಳುತ್ತಾರೆ. ಅಲ್ಲಿ ಸುಮ್ಮನೆ ಮಲಗಿರಲು ಹೆದರಿಕೆಯಾಗಿ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಚೆಸ್ ಆಡೋಣ ಎಂದುಕೊಂಡೆ. ಚಿಕ್ಕಂದಿನಲ್ಲಿ ಅಣ್ಣ ಮತ್ತು ನಾನು ಬಸ್ಸಿನಲ್ಲಿ ಹಾಗೆ ಬಾಯಲ್ಲೇ ಆಡುತ್ತಿದ್ದೆವು. ಕಣ್ಣಿನ ತೊಂದರೆಯಾದರೆ ಕಣ್ಣು ಮುಚ್ಚಿದಾಗಲಾದರೂ ಇಡೀ ಹಲಗೆ ಸಿಗಬೇಕಲ್ಲ?

ಸಿಗಲಿಲ್ಲ. ಬಲಗಡೆ ರಾಜ, ಒಂಟೆ, ಕುದುರೆ, ಆನೆ ಸಾಲಾಗಿ ನಿಂತಿದ್ದವು. ಎಡಗಡೆಗೆ ಹೋದರೆ ಮನೆಗಳು ಮಸುಕಾಗುತ್ತಾ ಹೋಗಿ, ಆಮೇಲೆ ಏನೂ ಇರಲಿಲ್ಲ. ನನ್ನ ನೆನಪಿನ ಹಲಗೆಯನ್ನೇ ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಮುಖವಾಡದೊಳಗೆ ಬಾಯಿ ತೆರೆಯಲಾಗದು, ಕೂಗಲಾಗದು. ನಾನು ಅರ್ಧ ಸತ್ತಿದ್ದೇನೆ, ಉಳಿದರ್ಧಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂದು ಆಗ ಅನಿಸಿತು. ಕಣ್ಣೀರು ಕಿವಿಯೊಳಕ್ಕೆ ಇಳಿಯಿತು.

ಮುಖವಾಡ ಬಿಚ್ಚಿದ ಟೆಕ್ನಿಷಿಯನ್ ಹೆಂಗಸು ನನ್ನ ಮುಖದ ಮೇಲೆ ಬಲೆಯ ಗುರುತು ಮೂಡಿದ್ದನ್ನು, ಕಣ್ಣು ಕೆಂಪಾದದ್ದನ್ನು ನೋಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ತಂದು ಕಿವಿಯನ್ನೂ ಸೇರಿಸಿ ಮುಖ ಒರೆಸಿದಳು. ಮರುದಿನದಿಂದ ಆ ಬಟ್ಟೆ ಕೇಳದೆಯೇ ಸಿದ್ಧವಾಗಿರುತ್ತಿತ್ತು.

ದಾರಿ ತೋರಿಸಿದವರು ಆಕ್ಯುಪೇಷನಲ್ ಥೆರಪಿಸ್ಟ್ ಹೆಲೆನ್. ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವವರು. ಮನೆಗೇ ಬರುತ್ತಿದ್ದರು. ತಟ್ಟೆಯ ಎಡ ಅಂಚಿಗೆ, ಪುಸ್ತಕದ ಎಡ ಅಂಚಿಗೆ ಕೆಂಪು ಟೇಪು ಹಚ್ಚಿದರು. ಕೆಂಪು ಕಾಣುವವರೆಗೆ ತಲೆ ತಿರುಗಿಸಬೇಕು, ಆಮೇಲೆಯೇ ಊಟ, ಆಮೇಲೆಯೇ ಓದು. ಮುಖವಾಡದೊಳಗೆ ಕಂಡದ್ದನ್ನು ಅವರಿಗೆ ಹೇಳಿದೆ. ಗಂಡನಿಗೂ ಹೇಳಿರಲಿಲ್ಲ ಅದನ್ನು.

ಅವರಿಗೆ ಚೆಸ್ ಬಾರದು. ಸ್ವಲ್ಪ ಯೋಚಿಸಿ, "ಎದುರಾಳಿಯ ಕುರ್ಚಿಯಲ್ಲಿ ಕೂತುಕೊಂಡರೆ ಏನು ಕಾಣುತ್ತದೆ?" ಎಂದು ಕೇಳಿದರು.

ಕಣ್ಣು ಮುಚ್ಚಿದೆ. ಮನಸ್ಸಿನಲ್ಲಿ ಮೇಜಿನ ಸುತ್ತ ನಡೆದು ಆಚೆ ಕುಳಿತೆ. ಅಲ್ಲಿಂದ ನೋಡಿದರೆ, ಕಳೆದುಹೋಗಿದ್ದ ಆನೆ, ಕುದುರೆ, ಒಂಟೆ ಎಲ್ಲವೂ ನನ್ನ ಬಲಗಡೆ ಇದ್ದವು. ಎಲ್ಲಿಯೂ ಹೋಗಿರಲಿಲ್ಲ. ಈಗ ಮರೆಯಾದದ್ದು ಮತ್ತೊಂದು ಮಗ್ಗುಲು.

ಆ್ಯಪ್‌ನಲ್ಲಿ ಹಲಗೆ ತಿರುಗಿಸುವ ಗುಂಡಿಯೊಂದಿದೆ. ಅಷ್ಟು ವರ್ಷ ಅದನ್ನು ನಾನು ಒತ್ತಿದವಳೇ ಅಲ್ಲ. ಅಂದಿನಿಂದ ಪ್ರತಿ ನಡೆಗೆ ಮೊದಲು ಒಮ್ಮೆ ತಿರುಗಿಸಿ ನೋಡಿದೆ. ಟ್ಯಾಬ್ಲೆಟ್ಟಿನ ಎಡ ಅಂಚಿಗೂ ಕೆಂಪು ಟೇಪು. ಕುರುಡರಿಗಾಗಿ ಇಟ್ಟ ಸೌಲಭ್ಯವೊಂದು ಸೆಟ್ಟಿಂಗ್ಸ್‌ನಲ್ಲಿ ಸಿಕ್ಕಿತು. ಎದುರಾಳಿಯ ನಡೆಯನ್ನು ಒಂದು ಧ್ವನಿ ಗಟ್ಟಿಯಾಗಿ ಓದುತ್ತದೆ. ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯಿತು. ಗುಣವಾಯಿತೆಂದು ನಾನು ಹೇಳುತ್ತಿಲ್ಲ. ಒಂದು ನಡೆಗೆ ಹಿಂದೆ ಬೇಕಾಗುತ್ತಿದ್ದ ಹೊತ್ತಿನ ಹತ್ತು ಪಾಲು ಬೇಕಾಯಿತು, ಆಟ ಮುಗಿಯುವಷ್ಟರಲ್ಲಿ ವಾಂತಿ ಬರುವಂತಾಗುತ್ತಿತ್ತು. ಆದರೂ ಅಣ್ಣನಿಗೆ ಒಂದು ನಡೆ ಕಳಿಸಿದೆ. ಅವನ ಉತ್ತರ ಒಡನೆಯೇ ಬಂತು.

*

ನಾನು ಗೆದ್ದೆ. ಮುಂದಿನ ಆಟವನ್ನೂ ಗೆದ್ದೆ, ಅದರ ಮುಂದಿನದನ್ನೂ. ಅಡುಗೆಮನೆಯಲ್ಲಿ ಕುಣಿದೆ. ಮಂಜು ಕೇಸರಿಬಾತ್ ಮಾಡಿದರು. "ಸೀ, ಯುವರ್ ಬ್ರೇನ್ ಈಸ್ ಫೈನ್" ಎಂದಳು ಮೇಘನಾ.

ಒಂದು ಮಧ್ಯಾಹ್ನ ಸಂತೋಷ ಇನ್ನಷ್ಟು ಸವಿಯೋಣ ಎಂದು ಗೆದ್ದ ಆಟವೊಂದನ್ನು ಕಂಪ್ಯೂಟರಿಗೆ ಕೊಟ್ಟೆ. ಈ ಸಲ ಕೆಂಪು ಗುರುತುಗಳು ಅಣ್ಣನ ನಡೆಗಳ ಮೇಲಿದ್ದವು. ಸುಮ್ಮನೆ ಬಿದ್ದಿದ್ದ ನನ್ನ ಆನೆಯನ್ನು ಅವನು ಹೊಡೆದಿರಲಿಲ್ಲ. ಎರಡು ನಡೆಯಲ್ಲಿ ಮುಗಿಯುವ ಆಟವನ್ನು ಮುಗಿಸಿರಲಿಲ್ಲ. ಅಣ್ಣನ ಆಟ ನನಗೆ ಗೊತ್ತು. ಅವನು ಜ್ವರ ಬಂದು ಮಲಗಿದ್ದರೂ ಇದನ್ನು ತಪ್ಪಿಸುವವನಲ್ಲ. ಉಳಿದ ಆಟಗಳನ್ನೂ ತೆರೆದೆ. ನನ್ನ ಎಡಗಡೆಯ ಮೂರು ಸಾಲುಗಳಲ್ಲಿ ಅವನು ಒಂದೇ ಒಂದು ದಾಳಿ ಮಾಡಿರಲಿಲ್ಲ. ಎಲ್ಲವನ್ನೂ ನನಗೆ ಕಾಣುವ ಕಡೆಗೇ ತಂದು, ಅಲ್ಲಿ ಸೋತಿದ್ದ.

ನನಗೆ ಹೊಳೆದದ್ದು ಒಂದೇ: ಡಾಕ್ಟರು ಅಣ್ಣನಿಗೂ ಮಂಜುಗೂ ಏನೋ ಹೇಳಿದ್ದಾರೆ. ನನಗೆ ಹೇಳದ ಸಂಖ್ಯೆಯನ್ನು ಇವರಿಗೆ ಹೇಳಿದ್ದಾರೆ. ಸಾಯುವವಳನ್ನು ಗೆಲ್ಲಿಸುತ್ತಿದ್ದಾರೆ.

ಫೋನು ಮಾಡಿದೆ.

"ದಿನೇಶಣ್ಣ, ನೀನು ಬೇಕಂತಲೇ ಸೋಲ್ತಾ ಇದ್ದಿ."

"ಆಟ ಅಂದ ಮೇಲೆ ಸೋಲು ಗೆಲುವು ಉಂಟಲ್ಲ ಮಾರಾಯ್ತಿ."

"ಸುಳ್ಳು ಹೇಳ್ಬೇಡ. ಡಾಕ್ಟ್ರು ನಿಮ್ಗೆ ಎಂತ ಹೇಳಿದ್ದಾರೆ? ಎಷ್ಟು ದಿನ ಅಂದ್ರು?"

"ಯಾರೂ ಎಂತದೂ ಹೇಳ್ಲಿಲ್ಲ. ದೇವರಾಣೆ."

"ಮತ್ತೆ ಯಾಕೆ?"

ಅವನ ಹಿಂದೆ ಯಾವುದೋ ರೈಲಿನ ಸದ್ದು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿನ್ನ ಕರುಣೆ ನಿನ್ನ ಹತ್ತಿರವೇ ಇಟ್ಕೋ, ಇನ್ನು ಮುಂದೆ ಆಡುವುದು ಬೇಡ ಎಂದು ಫೋನು ಇಟ್ಟೆ. ಮಂಜು ಕೆಲಸದಿಂದ ಬರುತ್ತಿದ್ದಂತೆ ಅವರ ಮೇಲೂ ಹರಿಹಾಯ್ದೆ. ಅವರು ಚೀಲವನ್ನು ಕೆಳಗಿಡದೆ ನಿಂತಲ್ಲೇ ಕೇಳಿಸಿಕೊಂಡರು.

"ನಿಂಗೆ ಗೊತ್ತಿಲ್ಲದ್ದು ನಂಗೇನೂ ಗೊತ್ತಿಲ್ಲ," ಎಂದರು. "ನಾನೂ ನಿನ್ನ ಥರಾನೇ ಏನೂ ಗೊತ್ತಿಲ್ದೆ ಹೆದರ್ಕೊಂಡಿದ್ದೀನಿ. ನಂಬು. ನಂಬಲ್ಲ ಅಂದ್ರೆ ಮುಂದಿನ ಸಲ ಡಾಕ್ಟ್ರ ಹತ್ರ ಒಬ್ಳೇ ಒಳಗೆ ಹೋಗು. ನಾನು ಹೊರಗಡೆ ಕೂತಿರ್ತೀನಿ."

ಹಾಗೇ ಮಾಡಿದೆ. ಡಾಕ್ಟರು ಎಲ್ಲ ಸ್ಕ್ಯಾನ್‌ಗಳನ್ನೂ ತೆರೆದು ತೋರಿಸಿದರು. ಮೊದಲು ಹೇಳಿದ್ದನ್ನೇ ಹೇಳಿದರು. ಉಳಿದ ಭಾಗ ಸದ್ಯ ಬೆಳೆದಿಲ್ಲ. ಬೆಳೆಯುವುದಿಲ್ಲ ಎಂದು ಹೇಳಲಾರೆ. ಮುಚ್ಚಿಟ್ಟದ್ದು ಏನೂ ಇಲ್ಲ. ಹೊರಗೆ ಬಂದಾಗ ಮಂಜು ಧ್ವನಿಯಿಲ್ಲದ ಟಿವಿಯ ಕೆಳಗೆ, ನನ್ನ ಜಾಕೆಟನ್ನು ತೊಡೆಯ ಮೇಲೆ ಮಡಚಿ ಇಟ್ಟುಕೊಂಡು ಕೂತಿದ್ದರು. ನರ್ಸ್ ಬಾಗಿಲು ತೆರೆದಾಗ ಎಲ್ಲರ ಜೊತೆ ಅವರೂ ತಲೆ ಎತ್ತಿದರು. ಅಷ್ಟೂ ದಿನ ಈ ಮನುಷ್ಯ ಹೀಗೇ ಕೂತಿದ್ದರು, ನನ್ನ ಎಡಗಡೆಯ ಕುರ್ಚಿಯಲ್ಲಿ. ಹೋಗಿ ಪಕ್ಕದಲ್ಲಿ ಕುಳಿತು, ಅವರ ಮುಖ ಪೂರ್ತಿ ಕಾಣುವವರೆಗೆ ತಲೆ ತಿರುಗಿಸಿದೆ.

ಆದರೆ ಅಣ್ಣನ ವಿಷಯ ಹಾಗೇ ಉಳಿಯಿತು. ವಾರಗಟ್ಟಲೆ ಆ್ಯಪ್‌ನಲ್ಲಿ ಅವನ ಹೆಸರಿನ ಎದುರು ಏನೂ ಬರಲಿಲ್ಲ. ನಾನೂ ಕಳಿಸಲಿಲ್ಲ. ಗೊತ್ತಿಲ್ಲದವರೊಡನೆ ಆಡಿದೆ. ಯಾವ ಊರಿನವರೋ, ನನ್ನ ತಲೆಯೊಳಗೆ ಏನಿದೆ ಎಂದು ತಿಳಿಯದವರು, ಎಡಗಡೆಯಿಂದ ಬಂದು ನಿರ್ದಯವಾಗಿ ಹೊಡೆದರು. ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ.

ಶಾಲೆಗೆ ರಜೆ ಬಂದಾಗ ಮೇಘನಾಳನ್ನು ಕರೆದುಕೊಂಡು ವಿಮಾನ ಹತ್ತಿದೆ. ದಾರಿಯಲ್ಲಿ ಫಿಟ್ಸ್ ಬಂದರೆ ಎಂದು ಮಂಜು ಹೆದರಿದರು. ಮಾತ್ರೆಗಳನ್ನು ಮೇಘನಾಳ ಕೈಗೆ ಕೊಟ್ಟು ಎರಡೆರಡು ಸಲ ಹೇಳಿದರು. ಅವಳು ಯಾರೂ ಹೇಳದೆಯೇ ನನ್ನ ಎಡಗಡೆಯ ಸೀಟಿನಲ್ಲಿ ಕೂತು, ನನ್ನ ಎಡ ಅಂಗೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. ಮೆಲ್ಬರ್ನ್ ಇಳಿಯುವವರೆಗೂ ಬಿಡಲಿಲ್ಲ.

ಏರ್‌ಪೋರ್ಟಿಗೆ ಅಣ್ಣ ಬಂದಿದ್ದ. ತೆಳ್ಳಗಾಗಿದ್ದ. ಕಾರಿನಲ್ಲಿ ಟ್ರಾಫಿಕ್ಕಿನ ಬಗ್ಗೆ, ಚಳಿಯ ಬಗ್ಗೆ ಮಾತಾಡಿದೆವು. ಡ್ಯಾಂಡಿನಾಂಗ್‌ನ ಮನೆಯಲ್ಲಿ ಲತಾ ಅತ್ತಿಗೆ ನೀರ್‌ದೋಸೆ ಹುಯ್ಯುತ್ತಿದ್ದರು, ಮೇಘನಾ ಅಡುಗೆಮನೆಗೆ ಹೋದಳು. ನಾನು ಊಟದ ಮೇಜಿನ ಮೇಲೆ, ಜೊತೆಗೆ ತಂದಿದ್ದ ಚೆಸ್ ಹಲಗೆ ಇಟ್ಟೆ. ಮರದ ಹಲಗೆ, ಮರದ ಕಾಯಿಗಳು. ಇಲ್ಲಿ ಒತ್ತಿ ತಿರುಗಿಸಲು ಗುಂಡಿಯಿಲ್ಲ, ಓದಿ ಹೇಳುವ ಧ್ವನಿಯಿಲ್ಲ.

"ಕೂತ್ಕೋ," ಎಂದೆ. "ಸರಿಯಾಗಿ ಆಡು."

ಅವನು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತ. "ನಿನ್ನನ್ನು ಐಸಿಯುನಲ್ಲಿ ನೋಡ್ಲಿಕ್ಕೆ ಬಂದಿದ್ದೆ. ನಿಂಗೆ ನೆನಪಿಲ್ಲ. ನಾನು ನಿನ್ನ ಎಡಗಡೆ ನಿಂತು ಕರೀತಾ ಇದ್ದೆ. ನೀನು ನರ್ಸ್ ಹತ್ರ, 'ಅಣ್ಣ ಬಂದ್ನಾ' ಅಂತ ಕೇಳ್ತಾ ಇದ್ದಿ. ಅದಾದ ಮೇಲೆ ಆ ಕಡೆಯಿಂದ ಒಂದು ಕಾಲಾಳು ದೂಡ್ಲಿಕ್ಕೂ ನನ್ನ ಕೈ ಬರುದಿಲ್ಲ ವಿನಯಾ. ಅದಕ್ಕೆ ಡಾಕ್ಟ್ರು ಹೇಳ್ಬೇಕಂತ ಉಂಟಾ?"

ನಾನು ಎದ್ದುಹೋಗಿ ಅವನನ್ನು ಅಪ್ಪಿಕೊಳ್ಳಬೇಕಿತ್ತು. ಆದರೆ ಆಗ ಎದ್ದಿದ್ದರೆ ಮತ್ತೆ ಈ ಹಲಗೆಗೆ ಇಬ್ಬರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ನಾನು ಇನ್ನು ಎಷ್ಟು ದಿನ ಇರ್ತೇನೋ ಗೊತ್ತಿಲ್ಲ," ಎಂದೆ. "ಇರುವಷ್ಟು ದಿನ ನನ್ನ ಹತ್ರ ಆಡುವವನು ಒಬ್ಬ ಬೇಕು. ಎಲ್ಲರೂ ನನ್ನನ್ನು ಎತ್ತಿ ಎತ್ತಿ ಇಡ್ತಾ ಇದ್ದಾರೆ ಅಣ್ಣ. ನೀನಾದ್ರೂ ಹೊಡಿ. ಎಡಗಡೆಯಿಂದಲೇ ಬಾ."

ಅವನು ಕುರ್ಚಿ ಎಳೆದು ಕೂತ. ಬಿಳಿ ನನ್ನದು. ಮೊದಲ ನಡೆಗಳನ್ನು ಬೇಗ ಆಡಿದೆವು, ಆಮೇಲೆ ನಿಧಾನವಾಯಿತು. ಅತ್ತಿಗೆ ಒಮ್ಮೆ ಬಂದು ನೋಡಿ, ಊಟಕ್ಕೆ ಕರೆಯದೆ ವಾಪಸು ಹೋದರು. ನಾನು ಪ್ರತಿ ನಡೆಗೂ ಕತ್ತು ತಿರುಗಿಸಿ, ಮೇಜಿನ ಎಡ ಅಂಚು ಹುಡುಕಿ, ಅಲ್ಲಿಂದ ಒಂದೊಂದೇ ಮನೆ ಎಣಿಸುತ್ತಾ ಬಂದೆ. ಒಂದು ಕಡೆ ದಣಿದು, ತಿರುಗಿಸುವುದನ್ನು ಮರೆತೆನೋ ಏನೋ. ಬಲಗಡೆ ಚೆನ್ನಾದ ದಾಳಿಯೊಂದು ಕಾಣಿಸಿತ್ತು. ಕುದುರೆಯನ್ನು ಮುಂದಕ್ಕೆ ಹಾರಿಸಿದೆ.

ಅಣ್ಣ ಕೈ ಎತ್ತಿದ. ಎಲ್ಲೋ ಒಂದು ಕಾಯಿ ಮರದ ಮೇಲೆ ಕುಳಿತ ಸದ್ದಾಯಿತು.

"ಚೆಕ್‌ಮೇಟ್," ಎಂದ.

ನಾನು ಹಲಗೆ ನೋಡಿದೆ. ನನ್ನ ರಾಜನ ಮೇಲೆ ಯಾವ ಕಾಯಿಯ ದಾಳಿಯೂ ಇರಲಿಲ್ಲ. ಮತ್ತೆ ನೋಡಿದೆ. ನಾನು ಕತ್ತು ತಿರುಗಿಸಿದೆ, ಇನ್ನೂ ತಿರುಗಿಸಿದೆ, ಗದ್ದ ಭುಜಕ್ಕೆ ತಾಗುವವರೆಗೆ. ಅಣ್ಣ ಬೆರಳು ಚಾಚಿ ತೋರಿಸಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಾ, ನಾನೇ ಕಂಡುಕೊಳ್ಳುವವರೆಗೆ ಕಾಯುತ್ತಾ ಕೂತಿದ್ದ.